ನೆಲದಡಿಯ ಬಿಸುಪು

ರಿಪೇರಿಯ ಬೊಡಿಲ್ ಬರುವ ಮೊದಲು ನೆಲಮಾಳಿಗೆಗೆ ಇಳಿದು ಮನೆ ಕಾಯಿಸುವ ಯಂತ್ರವನ್ನೊಮ್ಮೆ ನೋಡಿಬರೋಣವೆಂದು ಹೊರಟ ಎವರ್ಟ್ ಅರ್ಧ ಮೆಟ್ಟಿಲು ಇಳಿದವನು ಅಲ್ಲೇ ಕೂತುಬಿಟ್ಟ. ಏನೋ ಕೆಟ್ಟಿರುವುದು ಕಾಣಿಸೀತೆಂಬ ಹೆದರಿಕೆಯೋ, ಎಲ್ಲ ಸರಿಯಾಗಿಯೇ ಇರುವುದು ಕಾಣಿಸೀತೆಂಬ ಹೆದರಿಕೆಯೋ ಅವನಿಗೇ ಬಗೆಹರಿಯಲಿಲ್ಲ. ತಲೆಯ ಮೇಲೆ, ಅಡುಗೆಮನೆಯ ಹಲಗೆ ನೆಲದಲ್ಲಿ, ಅಕ್ಕ ಡಾಗ್ನಿಯ ಕಾಲಿನ ಸದ್ದು. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಬಾಗಿಲ ಹತ್ತಿರ ತುಸು ಹೊತ್ತು ನಿಂತು ಮತ್ತೆ ಒಲೆಗೆ. ಬಾಗಿಲ ಹತ್ತಿರ ಆ ಸದ್ದು ನಿಂತಾಗಲೆಲ್ಲ ಇವನೂ ಉಸಿರು ಬಿಗಿಹಿಡಿಯುತ್ತಿದ್ದ. ಹೊರಗೆ ಅಕ್ಟೋಬರ್ ಕೊನೆಯ ಬೆಳಗು. ರಾತ್ರಿ ಮೊದಲ ಸಲ ಗಟ್ಟಿಯಾಗಿ ಹೆಪ್ಪುಗಟ್ಟಿ, ಸರೋವರದ ದಡದ ಜೊಂಡೆಲ್ಲ ಬೆಳ್ಳಗಾಗಿತ್ತು. ಮಧ್ಯಾಹ್ನ ಪುರಸಭೆಯ ಹಿರಿಯರ ವಿಭಾಗದಿಂದ ಅನೆಲೀ ಬರುವವಳಿದ್ದಳು. ಅಷ್ಟರೊಳಗೆ ಮನೆ ಬೆಚ್ಚಗಾದರೆ ಡಾಗ್ನಿ ಇಲ್ಲೇ ಇರುತ್ತಾಳೆ, ಆಗದಿದ್ದರೆ ಚರ್ಚಿನ ಪಕ್ಕದ ವೃದ್ಧರ ಮನೆಗೆ ಹೋಗುತ್ತಾಳೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಫೆಬ್ರವರಿಯಿಂದ ಎವರ್ಟ್ ತನ್ನಷ್ಟಕ್ಕೆ ತಾನು ಹೀಗೆ ಅರ್ಥ ಮಾಡಿಕೊಂಡಿದ್ದ.

ಫೆಬ್ರವರಿಯಲ್ಲಿ ಅನೆಲೀ ಮೊದಲ ಸಲ ಬಂದಾಗ ತೊಟ್ಟ ಕೋಟು ಬಿಚ್ಚಲೇ ಇಲ್ಲ. ಬಿಚ್ಚಲು ಕೈ ಎತ್ತಿದವಳು ಒಂದು ಗುಂಡಿ ತೆಗೆದು, ಮತ್ತೆ ಮೆಲ್ಲಗೆ, ಯಾರಿಗೂ ಕಾಣದ ಹಾಗೆ, ಅದನ್ನೇ ಹಾಕಿಕೊಂಡಳು. ಎವರ್ಟ್‌ಗೆ ಕಂಡಿತು. ಅವನು ಬಗ್ಗಿಸಿದ ಕಾಫಿಯ ಮೇಲೆ ಚಳಿಗೆ ಹಬೆ ದಟ್ಟವಾಗಿ ಎದ್ದಿತ್ತು. ಮನೆಯೊಳಗೆ ಅಷ್ಟು ಹಬೆ ಏಳುವುದೂ ಒಂದು ಅವಮಾನವೆಂದು ಅವನಿಗೆ ಹಿಂದೆಂದೂ ಅನ್ನಿಸಿರಲಿಲ್ಲ. ಡಾಗ್ನಿ ಎರಡು ಉಣ್ಣೆಯಂಗಿಯ ಮೇಲೆ ಅಪ್ಪ ಕಾಡಿನ ಕೆಲಸಕ್ಕೆ ತೊಡುತ್ತಿದ್ದ ಹಳೆಯ ಕೋಟು ತೊಟ್ಟು, ಸಕ್ಕರೆಯ ತುಣುಕನ್ನು ಹಲ್ಲಿನ ನಡುವೆ ಕಚ್ಚಿ, ಬಸಿಯಿಂದ ಕಾಫಿ ಹೀರುತ್ತಿದ್ದಳು. ಬಸಿ ಹಿಡಿದ ಬೆರಳುಗಳು ನೀಲಿಯಾಗಿದ್ದವು. ಅನೆಲೀ ಆ ಬೆರಳುಗಳನ್ನು ನೋಡಿದಳು, ಆಮೇಲೆ ಎವರ್ಟ್‌ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಒಬ್ಬರೇ ನೋಡ್ಕೊಳ್ಳೋದು ಕಷ್ಟ ಎವರ್ಟ್, ನನಗೆ ಗೊತ್ತಾಗುತ್ತೆ. ವೃದ್ಧರ ಮನೇಲಿ ಒಂದು ಕೋಣೆ ಸಿಗಬಹುದು," ಎಂದಳು. ಆಗ ಅವನ ಎದೆಯೊಳಗೆ ಏನೋ ಸಡಿಲವಾಯಿತು, ಬಹಳ ಹೊತ್ತು ಎತ್ತಿ ಹಿಡಿದಿದ್ದನ್ನು ಕೆಳಗಿಟ್ಟ ಹಾಗೆ. ಅದು ದುಃಖವೆಂದುಕೊಂಡ. ಅವಳ ಕಾರು ತಿರುವು ದಾಟುವವರೆಗೂ ಹಾಗೇ ಅಂದುಕೊಂಡಿದ್ದ. ಅದು ದುಃಖವಲ್ಲ, ಬಿಡುಗಡೆ ಎಂದು ಗೊತ್ತಾದ ಮೇಲೆ ಸೌದೆಕೊಟ್ಟಿಗೆಗೆ ಹೋಗಿ, ಬೇಕಿಲ್ಲದಿದ್ದರೂ ಕತ್ತಲಾಗುವವರೆಗೆ ಸೌದೆ ಒಡೆದ.

"ಎವರ್ಟ್! ಮನೆಯಲ್ಲಿ ಇದ್ದೀರೋ, ಇಲ್ಲ ಬಿಸಿ ತಾಳಲಾರದೆ ಓಡಿಹೋದ್ರೋ?" ಹೊರಬಾಗಿಲಿನಿಂದ ಬೊಡಿಲ್‌ಳ ಗಂಟಲು. ಯಂತ್ರ ಕೂರಿಸುವ, ರಿಪೇರಿ ಮಾಡುವ ಬೊಡಿಲ್ ದೊಡ್ಡ ಮೈಯ, ದೊಡ್ಡ ದನಿಯ ಹೆಂಗಸು. ಯಾರ ಮನೆಗೆ ಹೋದರೂ ಬೂಟು ಬಿಚ್ಚಿ ಹರಕು ಕಾಲುಚೀಲದಲ್ಲೇ ರಾಣಿಯ ಹಾಗೆ ಓಡಾಡುವವಳು. ಅವಳ ಹಿಂದೆ ಮೆಟ್ಟಿಲಿಳಿಯುತ್ತ ಎವರ್ಟ್‌ಗೆ ಏಪ್ರಿಲ್ ನೆನಪಾಯಿತು. ಆಗಲೂ ಹೀಗೇ ಇಳಿದು, ಮಂಜು ಮೆತ್ತಿದ ಪೈಪನ್ನು ಮುಟ್ಟಿ, ಅವಳು ನಾಲಿಗೆ ಲೊಚಗುಟ್ಟಿದ್ದಳು. "ಪಾಪ, ಈ ಬಂಡೆಯನ್ನ ಹಿಂಡಿ ಹಿಪ್ಪೆ ಮಾಡಿಬಿಟ್ಟಿದ್ದೀರಲ್ರೀ." ಅಂಗಳದಲ್ಲಿ ಬಂಡೆಯೊಳಗೆ ಆಳವಾಗಿ ಕೊರೆದ ಒಂದು ತೂತಿದೆ, ಅದರೊಳಗೆ ಪೈಪು, ಪೈಪಿನೊಳಗೆ ಹೆಪ್ಪುಗಟ್ಟದ ದ್ರವ. ಅದು ಕೆಳಗಿಳಿದು ಬಂಡೆಯ ಬಿಸುಪನ್ನು ಹೊತ್ತು ಮೇಲೆ ಬರುತ್ತದೆ, ಯಂತ್ರ ಅದನ್ನು ಹಿಂಡಿ ರೇಡಿಯೇಟರಿನ ನೀರು ಕಾಯಿಸುತ್ತದೆ. ತೂತು ಕೊರೆಸಿದಾಗ ಮನೆ ಚಿಕ್ಕದಿತ್ತು. ಆಮೇಲೆ ಡಾಗ್ನಿಯ ಮೊಣಕಾಲು ಮಹಡಿ ಹತ್ತಲಾರದೆ ಹೋದಾಗ ಎವರ್ಟ್ ಕೆಳಗೆ ಅವಳಿಗೊಂದು ಕೋಣೆ ಕಟ್ಟಿಸಿದ. ಕೋಣೆ ಬೆಳೆಯಿತು, ತೂತು ಬೆಳೆಯಲಿಲ್ಲ. ಸುತ್ತಲಿನ ಬಂಡೆ ವರ್ಷಕ್ಕೆ ಎಷ್ಟು ತುಂಬಿಕೊಳ್ಳುತ್ತಿತ್ತೋ ಅದಕ್ಕಿಂತ ಹೆಚ್ಚು ಇವರು ಎಳೆಯುತ್ತ ಬಂದರು. ಬಂಡೆ ತಣ್ಣಗಾಗುತ್ತ ಹೋಯಿತು, ಮೇಲೆ ಬರುವ ದ್ರವ ಶೂನ್ಯಕ್ಕಿಂತ ಕೆಳಗಿಳಿಯಿತು, ಯಂತ್ರ ಹಗಲೂ ರಾತ್ರಿ ಗೊರಗೊರ ಅನ್ನುತ್ತ ಕರೆಂಟು ತಿಂದು, ಉಗುರುಬೆಚ್ಚಗಿನ ನೀರು ಕೊಡತೊಡಗಿತು. ಆಳದಲ್ಲಿ ಹೀಗೆ ವರ್ಷಗಟ್ಟಲೆ ನಡೆಯುತ್ತಿದ್ದುದು ಮೇಲಿದ್ದ ತನಗೆ ತಿಳಿಯಲೇ ಇಲ್ಲ. ಚಳಿಯೆಂದರೆ ಅಕ್ಕ ಇನ್ನೊಂದು ಅಂಗಿ ಹಾಕಿಕೊಳ್ಳುತ್ತಿದ್ದಳು, ಅಷ್ಟೆ. ಅವಳ ನೆನಪು ಕರಗುತ್ತ ಬಂದಿದ್ದೂ ಹಾಗೇ ಅಲ್ಲವೆ? ಮೊದಲು ಅಂಗಡಿಯವನ ಹೆಸರು, ಆಮೇಲೆ ವಾರದ ಹೆಸರು, ಹೋದ ತಿಂಗಳಿಂದ ತಮ್ಮನಾದ ತನ್ನ ಹೆಸರು. ಹೆಸರು ಹಿಡಿದು ಕರೆಯುವುದನ್ನು ಅವಳು ನಿಲ್ಲಿಸಿದ್ದು ಯಾವತ್ತೆಂದು ನೆನಪಿಸಿಕೊಳ್ಳಲು ಹೋದರೆ ಸಿಗುತ್ತಿರಲಿಲ್ಲ.

ಇನ್ನೊಂದು ತೂತು ಕೊರೆಸಲು ಜಾಗವಿರಲಿಲ್ಲ, ಪಕ್ಕದ ಮನೆಯವರ ತೂತು ತೀರ ಹತ್ತಿರ. ಹಾಗಾಗಿ ಬೊಡಿಲ್ ಬೇರೆ ದಾರಿ ಹೇಳಿದ್ದಳು. ಸೌದೆಕೊಟ್ಟಿಗೆಯ ಚಾವಣಿಯ ಮೇಲೆ ಕಪ್ಪು ಫಲಕಗಳನ್ನು ಹಾಸಿ, ಬೇಸಿಗೆಯಿಡೀ ಬಿಸಿಲಲ್ಲಿ ಕಾದ ದ್ರವವನ್ನು ಬಂಡೆಯೊಳಗೆ ಇಳಿಸಿದ್ದರು. ಬೇಸಿಗೆಯಲ್ಲಿ ಈ ಉತ್ತರದ ಊರಲ್ಲಿ ಸೂರ್ಯ ಮುಳುಗುವುದೇ ನೆಪಮಾತ್ರಕ್ಕೆ. ಅಷ್ಟೂ ಬಿಸಿಲು ಕೆಳಗೆ ಹೋಯಿತು. ಕೋಣೆಕೋಣೆಗೂ ಮೊದಲಿನದಕ್ಕಿಂತ ಅಗಲವಾದ ರೇಡಿಯೇಟರುಗಳು ಬಂದವು. ಅಗಲವಿದ್ದರೆ ನೀರು ಅಷ್ಟೊಂದು ಕಾಯಬೇಕಾಗಿಲ್ಲ, ಯಂತ್ರಕ್ಕೆ ದಣಿವು ಕಡಿಮೆ. ಈಗ ಬೊಡಿಲ್ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಪೈಪಿಗೆ ಕೆನ್ನೆ ತಾಗಿಸಿ, ಆಮೇಲೆ ಮೀಟರ್ ನೋಡಿ ತೊಡೆ ತಟ್ಟಿಕೊಂಡಳು. "ಬನ್ನಿ ಇಲ್ಲಿ, ಮುಟ್ಟಿ ನೋಡಿ! ಚಳಿಗಾಲದಲ್ಲಿ ಮೈನಸ್ಸಿನಲ್ಲಿ ಬರ್ತಿದ್ದದ್ದು ಈಗ ಏಳು ಡಿಗ್ರಿ. ಮೊದಲು ಒಂದು ಪಾಲು ಕರೆಂಟಿಗೆ ಎರಡು ಪಾಲು ಬಿಸಿನೂ ಸರಿಯಾಗಿ ಬರ್ತಿರಲಿಲ್ಲ. ಈಗ ನಾಲ್ಕು. ನಾಲ್ಕಕ್ಕಿಂತ ಒಂಚೂರು ಜಾಸ್ತಿನೇ ಅನ್ನಿ." ಎವರ್ಟ್ ಮುಟ್ಟಿದ. ತಣ್ಣಗಿತ್ತು, ಆದರೆ ಕೊರೆಯುತ್ತಿರಲಿಲ್ಲ. "ನಿಮ್ಮ ಮುಖ ನೋಡಿದ್ರೆ ಹೆಣ ಎತ್ತೋಕೆ ಬಂದಿದ್ದೀನೇನೋ ಅನ್ಸುತ್ತೆ. ನಗ್ರೀ ಸ್ವಲ್ಪ," ಎಂದಳು ಬೊಡಿಲ್. ಅವನು ನಕ್ಕ. ಬೊಡಿಲ್ ಗುಂಡಿ ಒತ್ತಿದಳು. ಯಂತ್ರ ಗೊರಗುಟ್ಟಲಿಲ್ಲ. ಬೆಕ್ಕು ಮಲಗಿ ಉಸಿರಾಡಿದ ಹಾಗೆ ಶುರುವಾಯಿತು.

ಮಧ್ಯಾಹ್ನದ ಹೊತ್ತಿಗೆ ಮನೆ ಎಷ್ಟು ಬೆಚ್ಚಗಾಯಿತೆಂದರೆ ಹಲಗೆಗಳು ಅಲ್ಲಲ್ಲಿ ಟಕ್ ಎಂದು ಸದ್ದು ಮಾಡತೊಡಗಿದವು. ಕಿಟಕಿಯ ಗಾಜಿನ ಮಂಜು ಕರಗಿ ಹರಿಯಿತು. ಯಾವುದೋ ಹಳೆಯ ವಾಸನೆ, ಮರದ ಎಣ್ಣೆಯದೋ ಏನೋ, ಗೋಡೆಯೊಳಗಿಂದ ಹೊರಬಂತು. ಎವರ್ಟ್ ಅಕ್ಕನ ಕಾಡಿನ ಕೋಟು ಬಿಚ್ಚಿಸಿದ, ಆಮೇಲೆ ಒಂದು ಉಣ್ಣೆಯಂಗಿ, ಆಮೇಲೆ ಇನ್ನೊಂದು. ಒಳಗಿನಿಂದ ಹೊರಬಂದ ಡಾಗ್ನಿ ಎಷ್ಟು ಸಣ್ಣಗಿದ್ದಳೆಂದರೆ ಅವನು ಗಾಬರಿಯಾದ. ನೀಲಿ ಹೂವಿನ ತೆಳು ರವಿಕೆ. ಹಕ್ಕಿಯಂಥ ಭುಜ. ಅವಳು ಅಡ್ಡಿ ಮಾಡಲಿಲ್ಲ, ಡಾಕ್ಟರ ಮುಂದೆ ಕೂತವಳ ಹಾಗೆ ಕೈ ಎತ್ತಿ ಕೊಟ್ಟಳು. ಬೆರಳುಗಳು ಕೆಂಪಗಾಗಿದ್ದವು. ಅವುಗಳನ್ನು ಹಿಡಿದುಕೊಂಡು, "ನೋಡಕ್ಕಾ, ಹೇಗಿದೆ ಈಗ?" ಎಂದ. ಅವಳು ಬೆರಳನ್ನು ಮೆಲ್ಲಗೆ, ಅವನಿಗೆ ಬೇಸರವಾಗದಂತೆ, ಬಿಡಿಸಿಕೊಂಡಳು. ಸುತ್ತ ನೋಡಿದಳು. ಕುರ್ಚಿಯ ತುದಿಯಲ್ಲಿ ಕೂತಳು.

ಅನೆಲೀ ಈ ಸಲ ಬಂದವಳೇ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದಳು. "ಅಬ್ಬ, ಎಷ್ಟು ಹಿತವಾಗಿದೆ!" ಎಂದಳು. ಎವರ್ಟ್‌ಗೆ ಎಂಟು ತಿಂಗಳ ಹೊರೆ ಇಳಿಯಿತು. ಈ ಕಡೆಯ ರೂಢಿಯಂತೆ ಗಿಣ್ಣಿನ ತುಂಡು ಹಾಕಿದ ಕಾಫಿ, ತೆಳು ರೊಟ್ಟಿ, ಕಂದು ಚೀಸು ಎಲ್ಲ ಮೇಜಿನ ಮೇಲಿಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ. ಪರೀಕ್ಷೆ ಪಾಸಾದ ಹುಡುಗನ ಹಾಗೆ ನಿಂತಿದ್ದೇನೆಂದು ಅನ್ನಿಸಿ ನಾಚಿಕೆಯಾಯಿತು.

"ಹೇಗಿದ್ದೀರಿ ಡಾಗ್ನಿ?" ಅನೆಲೀ ಅವಳ ಪಕ್ಕ ಕೂತು ಕೇಳಿದಳು.

"ಚೆನ್ನಾಗಿದ್ದೀನಮ್ಮ. ಇವರು ಚೆನ್ನಾಗಿ ನೋಡ್ಕೊಂಡ್ರು."

"ಇವರು ಅಂದ್ರೆ?"

"ಈ ಮನೆ ಯಜಮಾನರು." ಡಾಗ್ನಿ ಎವರ್ಟ್‌ನ ಕಡೆಗೆ ಗದ್ದ ಚಾಚಿ ತೋರಿಸಿದಳು. "ಒಳ್ಳೆ ಮನುಷ್ಯರು. ಗುರುತು ಪರಿಚಯ ಇಲ್ದಿದ್ರೂ ಒಳಗೆ ಕರೆದು ಬೆಚ್ಚಗೆ ಕೂರಿಸಿದ್ರು. ಆದ್ರೆ ನನಗೆ ಹೊತ್ತಾಯ್ತು. ಮನೆಗೆ ಹೋಗ್ಬೇಕು."

"ಇದೇ ನಿಮ್ಮ ಮನೆ ಅಲ್ವಾ?"

ಡಾಗ್ನಿ ನಕ್ಕಳು. ಚಿಕ್ಕ ಮಕ್ಕಳು ತಪ್ಪು ಹೇಳಿದಾಗ ದೊಡ್ಡವರು ನಗುವ ಹಾಗೆ. "ನಮ್ಮ ಮನೆ ಇಷ್ಟು ಬೆಚ್ಚಗೆಲ್ಲಿರುತ್ತೆ! ನಮ್ಮದು ಐಸು. ಹೋಗಿ ಒಲೆ ಹಚ್ಬೇಕು. ನನ್ನ ತಮ್ಮ ಸ್ಕೂಲಿಂದ ಬರ್ತಾನೆ, ಕೈಕಾಲೆಲ್ಲ ಮರಗಟ್ಟಿರುತ್ತೆ ಅವನಿಗೆ."

ಎವರ್ಟ್ ಮೇಜಿನ ಮೇಲಿನ ರೊಟ್ಟಿಯನ್ನು ಸುಮ್ಮನೆ ಇನ್ನೊಂದು ಕಡೆಗೆ ಸರಿಸಿದ. ಅನೆಲೀ ಆಮೇಲೆ ಏನೇನೋ ಕೇಳಿದಳು, ಡಾಗ್ನಿ ವಿನಯದಿಂದ ಉತ್ತರ ಕೊಟ್ಟಳು. ಯಾವುದೂ ಅವನ ಕಿವಿಗೆ ಬೀಳಲಿಲ್ಲ. ಕಾರಿನವರೆಗೆ ಬಿಡಲು ಹೋದಾಗ ಅನೆಲೀ ಅವನ ತೋಳು ಮುಟ್ಟಿದಳು. "ಮನೆ ವಿಷಯದಲ್ಲಿ ಒಂದು ಮಾತೂ ಇಲ್ಲ ಎವರ್ಟ್. ಇಷ್ಟು ಯಾರು ಮಾಡ್ತಾರೆ? ಆದ್ರೆ ನಾನು ಆವತ್ತು ಹೇಳಿದ್ದು ಚಳಿಗಾಗಿ ಅಲ್ಲ. ಅವರು ಮನೆ ಹುಡುಕ್ಕೊಂಡು ಹೊರಟುಬಿಟ್ರೆ? ಒಂದು ಕೋಣೆ ಖಾಲಿಯಾಗಿದೆ. ನಾಳೆ ಒಂದು ಫೋನ್ ಮಾಡಿ." ಅಂದರೆ ಏಪ್ರಿಲಿನಿಂದ ತಾನು ಮಾಡಿದ್ದೆಲ್ಲ ಯಾರೂ ಕೇಳದ ಪ್ರಶ್ನೆಗೆ ಉತ್ತರವಾಗಿತ್ತು. ಮತ್ತೆ ಆ ಹಳೆಯ ಸಡಿಲಿಕೆ ಎದೆಯಲ್ಲಿ ಮೂಡಿತು. ಈ ಸಲ ಅದರ ಹೆಸರು ಅವನಿಗೆ ಮೊದಲೇ ಗೊತ್ತಿತ್ತು. ಅಕ್ಕನಿಗಾಗಿ ಮನೆ ಬಿಸಿ ಮಾಡಿದ್ದೋ, ಮುಂದೆ ಅವಳನ್ನು ಕಳಿಸುವಾಗ ನಾನು ಮಾಡಬೇಕಾದುದನ್ನೆಲ್ಲ ಮಾಡಿದ್ದೇನೆಂದು ಹೇಳಿಕೊಳ್ಳುವುದಕ್ಕೋ? ಕಾರು ಹೋದ ಮೇಲೂ ದಾರಿಯಲ್ಲೇ ನಿಂತಿದ್ದ. ತಿರುಗಿದಾಗ ಡಾಗ್ನಿ ಕಾಡಿನ ಕೋಟು ತೊಟ್ಟು, ಕೈಚೀಲ ಹಿಡಿದು, ಗೇಟಿನ ಹೊರಗೆ ಬಂದಾಗಿತ್ತು.

ಅವನು ತಡೆಯಲಿಲ್ಲ. ತಡೆದರೆ ಅವಳು ಕಿರುಚುತ್ತಾಳೆಂದು ಗೊತ್ತಿತ್ತು. ಕಿರುಚಿದರೆ ಪಕ್ಕದ ಮನೆಯ ಪರದೆ ಅಲುಗುತ್ತದೆಂದೂ ಗೊತ್ತಿತ್ತು. ಅಂಥ ಹೊತ್ತಿನಲ್ಲೂ ಪರದೆಯ ಬಗ್ಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಸುಮ್ಮನೆ ಅವಳ ಪಕ್ಕದಲ್ಲಿ ಹೆಜ್ಜೆ ಹಾಕಿದ. ಸರೋವರದ ಕಡೆಗೆ ಇಳಿಯುವ ದಾರಿ ಗಡುಸಾಗಿತ್ತು, ಹೆಪ್ಪುಗಟ್ಟಿದ ಕೆಸರು ಬೂಟಿನಡಿ ಪುಡಿಯಾಗುತ್ತಿತ್ತು. ಆಚೆ ದಡದ ಬೆಟ್ಟಗಳ ಮೇಲೆ ಹಳದಿ ಬೆಳಕು ಸ್ವಲ್ಪವೇ ಉಳಿದಿತ್ತು.

"ನೀವೂ ಈ ಕಡೆಯವರಾ?" ಎಂದಳು ಡಾಗ್ನಿ.

"ಹೂಂ. ಇದೇ ದಾರಿ."

"ಒಳ್ಳೇದಾಯ್ತು. ಒಬ್ಬಳೇ ಹೋಗೋಕೆ ಬೇಜಾರು." ಸ್ವಲ್ಪ ದೂರ ನಡೆದ ಮೇಲೆ, "ನಿಮಗೆ ಮಕ್ಕಳಿದ್ದಾರಾ?" ಎಂದಳು.

"ಇಲ್ಲ."

"ನನಗೂ ಇಲ್ಲ. ತಮ್ಮ ಇದ್ದಾನೆ. ಅಮ್ಮ ಹೋದಾಗ ಇಷ್ಟೇ ಇಷ್ಟಿದ್ದ. ಬಿಗುಮಾನ ಜಾಸ್ತಿ ಅವನಿಗೆ. ಸ್ಕೂಲಿನ ಹತ್ರ ಹೋದ್ರೆ ನನ್ನ ಜೊತೆ ಮಾತಾಡಲ್ಲ. ನಾನು ಅಪ್ಪನ ಬೂಟು ಹಾಕ್ಕೊಂಡು ಹೋಗ್ತೀನಲ್ಲ, ಅದಕ್ಕೆ. ಒಂದಿನ ಯಾರೋ ಹುಡುಗ್ರು ಕೇಳಿದ್ರು, ಯಾರೋ ಅದು ಅಂತ. 'ನಮ್ಮ ಮನೆ ಕೆಲಸದವಳು' ಅಂದ."

ಎವರ್ಟ್‌ನ ಕಾಲುಗಳು ನಿಂತವು. ಆವತ್ತು ಅವನಿಗೆ ಹತ್ತು ವರ್ಷ. ಅವನು ಮರೆತುಬಂದಿದ್ದ ಕೈಗವಸುಗಳನ್ನು ಅವಳು ತಂದುಕೊಟ್ಟು ತಿರುಗಿ ಹೊರಟಾಗಿತ್ತು, ಗೇಟು ದಾಟಿಯಾಗಿತ್ತು. ಕೇಳಿಸಿರಲಿಕ್ಕಿಲ್ಲವೆಂದು ಐವತ್ತು ವರ್ಷ ನಂಬಿಕೊಂಡು ಬಂದಿದ್ದ. ನಾರ್ವೆಯ ಕಡೆಯ ಮರಕಡಿಯುವವನೊಬ್ಬ ಅವಳನ್ನು ಮದುವೆಗೆ ಕೇಳಿಕೊಂಡು ಬಂದಾಗ, ಹುಡುಗ ದೊಡ್ಡವನಾಗಲಿ ಎಂದು ಅವಳು ಹೇಳಿ ಕಳಿಸಿದ್ದೂ ಅದೇ ಚಳಿಗಾಲ. ಅವನು ಮತ್ತೆ ಬರಲಿಲ್ಲ.

"ಬೇಜಾರಾಯ್ತಾ ನಿಮಗೆ?" ಎಂದು ಕೇಳಿದ. ದನಿ ಯಾರದೋ ಅನ್ನಿಸಿತು.

"ಯಾಕೆ ಬೇಜಾರು? ಚಿಕ್ಕವನು ಪಾಪ. ನಾಚಿಕೆ ಆಗುತ್ತೆ ಮಕ್ಕಳಿಗೆ." ಡಾಗ್ನಿ ಕೋಟಿನ ಕಾಲರು ಮೇಲೆಳೆದುಕೊಂಡಳು. "ಆದ್ರೂ ಆವತ್ತು ಮನೆವರೆಗೆ ನಡೆಯೋದು ತುಂಬ ದೂರ ಅನ್ನಿಸ್ತು ನನಗೆ."

ದೋಣಿಮನೆಯ ಹತ್ತಿರ ಅವಳ ಮೊಣಕಾಲು ಸೋತಿತು. ಎವರ್ಟ್ ಅವಳ ಕಂಕುಳಿಗೆ ಕೈಕೊಟ್ಟು, "ನಿಮ್ಮ ಮನೆ ಆ ಕಡೆ, ದಾರಿ ತಪ್ಪಿ ಬಂದ್ವಿ," ಎಂದು ತಿರುಗಿಸಿಕೊಂಡು ಬಂದ. ಅವಳು ನಂಬಿದಳು. ಅಂಗಳಕ್ಕೆ ಬರುತ್ತಲೇ ಹೆಜ್ಜೆ ಹಿಂದೆಗೆದಳು. "ಇದು ನಿಮ್ಮ ಮನೆ. ಪದೇ ಪದೇ ಯಾಕೆ ನಿಮಗೆ ತೊಂದ್ರೆ?" ಬಾಗಿಲು ತೆರೆದಾಗ ಒಳಗಿನ ಬಿಸುಪು ಮುಖಕ್ಕೆ ಬಂದು ತಾಕಿತು. 'ನಮ್ಮದು ಐಸು' ಎಂದ ಅವಳ ಮಾತು ಎವರ್ಟ್‌ಗೆ ನೆನಪಾಯಿತು. ಏನಾಯಿತೋ, ಅವಳನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ ಕಂಬಳಿ ಹೊದಿಸಿ, ನೆಟ್ಟಗೆ ನೆಲಮಾಳಿಗೆಗೆ ಇಳಿದು ಯಂತ್ರ ನಿಲ್ಲಿಸಿದ. ಮೇಲೆ ಬಂದು ಅಡುಗೆಮನೆಯ ಕಿಟಕಿಗಳನ್ನು, ಅಕ್ಕನ ಕೋಣೆಯ ಕಿಟಕಿಯನ್ನು, ಹಿತ್ತಲ ಬಾಗಿಲನ್ನು ಅಗಲವಾಗಿ ತೆರೆದ. ಚಳಿ ಹಕ್ಕಿನಿಂದ ಬಂದ ಹಾಗೆ ಒಳಗೆ ಬಂತು. ಬೇಸಿಗೆಯಿಡೀ ಕೂಡಿಟ್ಟಿದ್ದು ಕಿಟಕಿಯಿಂದ ಹೊರಗೆ ಹೋಗುವುದನ್ನು ನೋಡುತ್ತ ಅವನು ಕೋಟು ತೊಟ್ಟು ನಿಂತ. ಬೊಡಿಲ್ ನೋಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದಳು. ಕೆಟ್ಟಿದೆಯೇನೋ ಎಂದು ಅವನೂ ಅಂದುಕೊಂಡ.

ಮನೆ ಸಾಕಷ್ಟು ತಣ್ಣಗಾದ ಮೇಲೆ ಅವಳನ್ನು ಒಳಗೆ ಕರೆತಂದು ಮೇಜಿನ ಮುಂದೆ ಕೂರಿಸಿದ. ಆಲೂಗಡ್ಡೆ ಬೇಯಲಿಟ್ಟ. ಏನೂ ಆಗಲಿಲ್ಲ. ಅವಳು ಕೋಟಿನೊಳಗೆ ಮುದುರಿ ಮೇಜಿನ ಗೀಟುಗಳನ್ನು ನೋಡುತ್ತಿದ್ದಳು. ಎಂಥ ಹುಚ್ಚು ಎಂದು ನಾಚಿ ಕಿಟಕಿ ಮುಚ್ಚಲು ಎದ್ದ.

"ಲೋ ಎವರ್ಟ್."

ಅವನು ಬೆನ್ನು ತಿರುಗಿಸಿಯೇ ನಿಂತ. ತಿರುಗಿದರೆ ಹೋಗಿಬಿಡುತ್ತದೇನೋ.

"ನಿನಗೆ ಬುದ್ಧಿ ಇದೆಯೇನೋ ಕತ್ತೆ? ಈ ಚಳೀಲಿ ಕಿಟಕಿ ತೆಗೆದಿಟ್ಟಿದ್ದೀಯಲ್ಲ. ಬೂಟು ಬೇರೆ ಬಿಚ್ಚಿಲ್ಲ. ನೆಲ ಯಾರು ಒರೆಸ್ತಾರೆ, ನಿಮ್ಮಪ್ಪನಾ?"

"ಒರೆಸ್ತೀನಕ್ಕಾ." ತಿರುಗಿದ. ಅವಳ ಕಣ್ಣು ಅವನ ಮೇಲೆಯೇ ಇತ್ತು, ನೆಟ್ಟಗೆ, ರೇಗಿಕೊಂಡು. ಆ ರೇಗನ್ನು ನೋಡಿ ಅವನು ಕುರ್ಚಿ ಎಳೆದುಕೊಂಡು ಅವಳೆದುರಿಗೆ ಕೂತ. "ಅಕ್ಕಾ, ಆವತ್ತು ಸ್ಕೂಲಿನ ಹತ್ರ—"

"ಅದಿರಲಿ. ನನಗೆ ಚಳಿ ಕಣೋ." ಅವಳ ಗದ್ದ ನಡುಗುತ್ತಿತ್ತು. ಬೆರಳುಗಳು ಮತ್ತೆ ನೀಲಿಗೆ ತಿರುಗಿದ್ದವು. "ಬೇಸಿಗೆಯೆಲ್ಲ ಕೊಟ್ಟಿಗೆ ಮೇಲೆ ಹತ್ತಿ ಬಿಸಿಲನ್ನ ನೆಲದಲ್ಲಿ ಹೂತಿಟ್ಟೆಯಲ್ಲ, ಈಗ ಬೇಕು ಅಂದಾಗ ತೆಗೆಯೋಕಾಗಲ್ವೇನೋ? ನಿಮ್ಮಕ್ಕ ಸಾಯ್ಬೇಕಾ ಚಳೀಲಿ?"

ಎಲ್ಲ ನೆನಪಿದೆ ಅವಳಿಗೆ. ಕೊಟ್ಟಿಗೆ, ಫಲಕ, ಬೇಸಿಗೆ. ಎಲ್ಲ ಅಲ್ಲೇ ಇದೆ, ಈ ಚಳಿಯೊಳಗೆ. ಇನ್ನೊಂದು ನಿಮಿಷ ಕೂತಿರೋಣ ಅನ್ನಿಸಿತು. ಇನ್ನೊಂದು ಸಲ ಹೆಸರು ಹಿಡಿದು ಬೈಯಲಿ. ಅವಳು ಎರಡೂ ಕೈಯನ್ನು ಕಂಕುಳಲ್ಲಿ ಸೇರಿಸಿ, ಹಲ್ಲು ಕಟಕಟ ಅನ್ನುತ್ತ ಅವನನ್ನೇ ನೋಡುತ್ತಿದ್ದಳು, ಅವನು ಏನಾದರೂ ಮಾಡುತ್ತಾನೆಂಬ ನಂಬಿಕೆಯಿಂದ. ಎವರ್ಟ್ ಆ ಒಂದು ನಿಮಿಷವೂ ಕೂತ. ಆಮೇಲೆ ಎದ್ದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದ, ಹಿತ್ತಲ ಬಾಗಿಲು ಹಾಕಿದ, "ಈಗ ಬಂದೆ ಅಕ್ಕಾ," ಎಂದ. "ಬೇಗ ಬಾರೋ," ಎಂದಳು ಅವಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡ. ಗುಂಡಿಯ ಮೇಲೆ ಬೆರಳಿಟ್ಟಾಗ ಮೇಲಿನಿಂದ ಅವಳ ಗೊಣಗಾಟ ಕೇಳುತ್ತಿತ್ತು, ಬೂಟಿನ ಬಗ್ಗೆ, ಒದ್ದೆ ನೆಲದ ಬಗ್ಗೆ. ಒತ್ತಿದ.

ಮರುದಿನ ಬೆಳಿಗ್ಗೆ ಅನೆಲೀಗೆ ಫೋನ್ ಮಾಡಿ, ಕೋಣೆ ಬೇಡ, ಈ ಚಳಿಗಾಲ ಕಳೆಯಲಿ ಎಂದ. ಯಾಕೆಂದು ಅವಳು ಕೇಳಲಿಲ್ಲ. ಹಗಲು ಒಂದಿಷ್ಟು ಹೊತ್ತು ಇದ್ದು ಹೋಗಲು ಒಬ್ಬ ಹೆಂಗಸನ್ನು ಕಳಿಸಿಕೊಟ್ಟಳು, ತೆರೆದರೆ ಬಡಿದುಕೊಳ್ಳುವ ಗಂಟೆಯನ್ನು ಬಾಗಿಲಿಗೆ ಹಾಕಿಸಿದಳು. ಹಿಮ ಬಿತ್ತು, ಸರೋವರ ದಡದಿಂದ ದಡಕ್ಕೆ ಹೆಪ್ಪುಗಟ್ಟಿತು, ಹಗಲೆಂಬುದು ಬಂದುಹೋಗುವ ನೆರಳಿನಷ್ಟಾಯಿತು. ಯಂತ್ರ ಒಂದು ದಿನವೂ ತಪ್ಪಲಿಲ್ಲ. ಜನವರಿಯಲ್ಲಿ ನೋಡಿಹೋಗಲು ಬಂದ ಬೊಡಿಲ್ ಇಡೀ ಜಿಲ್ಲೆಯಲ್ಲಿ ಇಂಥ ಬೆಚ್ಚಗಿನ ಮನೆ ಇಲ್ಲವೆಂದು ಸಾರಿ ಹೋದಳು. ಮತ್ತೆಂದೂ ಡಾಗ್ನಿ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ತೆಳು ರವಿಕೆಯಲ್ಲಿ, ಕೆಂಪು ಬೆರಳುಗಳಲ್ಲಿ, ಕುರ್ಚಿಯ ತುದಿಯಲ್ಲಿ ಅತಿಥಿಯ ಹಾಗೆ ಕೂತಿರುತ್ತಿದ್ದಳು. ಕಿಟಕಿ ತೆರೆದು ಮನೆ ತಣ್ಣಗಾದರೆ ಆ ಹಳೆಯ ಅಕ್ಕ ಬರುತ್ತಾಳೆಂಬುದು ಎವರ್ಟ್‌ಗೆ ಗೊತ್ತಿತ್ತು. ಎಷ್ಟೋ ಸಲ ಕಿಟಕಿಯ ಚಿಲಕದವರೆಗೆ ಕೈ ಹೋಗುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳಿಗೆ ಇರುಸುಮುರುಸಾಗುತ್ತಿತ್ತು. ಹೊರಗಿನ ಹಿಮವನ್ನೂ ಬಾಗಿಲನ್ನೂ ನೋಡುತ್ತ, ಕೈಚೀಲವನ್ನು ಮಡಿಲಲ್ಲಿ ಹಿಸುಕುತ್ತ, ಕೊನೆಗೆ ಸಂಕೋಚದಿಂದ ಬಾಯಿ ತೆರೆಯುತ್ತಿದ್ದಳು.

"ನೀವು ಬೇಜಾರು ಮಾಡ್ಕೊಳ್ಳಲ್ಲ ಅಂದ್ರೆ ಒಂದು ಕೇಳ್ತೀನಿ. ಹೊರಗೆ ತುಂಬ ಚಳಿ. ಇವತ್ತೊಂದು ರಾತ್ರಿ ನಾನು ಇಲ್ಲೇ ಇರಲಾ?"

"ಇರಿ," ಎನ್ನುತ್ತಿದ್ದ ಎವರ್ಟ್.